ತಂದೆ ಸಹಿ ಮಾಡುವ ಜಾಗ

ಸರಸ್ವತಿ ನಗರ, ದಾವಣಗೆರೆ
ಭಾನುವಾರ, 13 ಜುಲೈ 2025

ಅಂಬಿಕಾಳ ತಂದೆಯವರಾದ ವಿಜಯಕುಮಾರ್ ಅವರಿಗೆ ಸುಧಾ ಬರೆಯುವುದು.

ಇನ್ನು ಹೇಗೆ ಕರೆಯಬೇಕೋ ತಿಳಿಯಲಿಲ್ಲ. ಎರಡು ತಿಂಗಳಿಂದ ಕಂಡಕಂಡ ಅರ್ಜಿಯಲ್ಲೆಲ್ಲ ನಿಮ್ಮನ್ನು ಹೀಗೇ ಬರೆದೂ ಬರೆದೂ ಕೈಗೆ ಇದೇ ರೂಢಿಯಾಗಿದೆ. ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ಅತ್ತೆಯವರ ಮೊಣಕಾಲು ನೋವು ಹೇಗಿದೆ ಎಂದು ಮಾತ್ರ ಕೇಳುತ್ತೇನೆ. ಅವರ ಮೇಲಿನ ನನ್ನ ಸಿಟ್ಟು ಬೇರೆ, ಅವರ ಮೊಣಕಾಲು ಬೇರೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು "ಹ್ಞೂಂ" ಅನ್ನುತ್ತೀರಿ, ನಾನು ಕೂಗಾಡುತ್ತೇನೆ, ಪಕ್ಕದ ಮನೆಯವರು ಕಿಟಕಿಗೆ ಬರುತ್ತಾರೆ. ಅದಕ್ಕೇ ಕಾಗದ. ಯೂನಿಫಾರಂ ಹೊಲಿಯುವ ಕಡೆ ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುವ ಮಾಬೂಬೀ ದಿನಾ ಹರಿಹರದಿಂದ ಬಂದು ಹೋಗುತ್ತಾಳೆ. ಅವಳು ಪಕ್ಕದ ನಿಮ್ಮ ಗುತ್ತೂರಿಗೆ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತಾಳೆ. ಪೂರ್ತಿ ಓದಿ. ಅರ್ಧಕ್ಕೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ನಾಳೆ ನೋಡೋಣ ಅನ್ನುವ ಕಾಗದ ಇದಲ್ಲ.

ಈ ತಿಂಗಳ ಮೂರನೇ ತಾರೀಖು ನೀವು ಫ್ಯಾಕ್ಟರಿಯಲ್ಲಿದ್ದಾಗ ಒಂದು ಫೋನ್ ಬಂತು. ಹಂಗೇರಿ ದೇಶದ ವೀಸಾ ಸಂಬಂಧ ಮಾತಾಡುತ್ತಿದ್ದೇವೆ, ನಿಮ್ಮ ಮಗಳು ಅಲ್ಲಿಗೆ ಹೋಗಲು ನೀವು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದೀರಾ ಎಂದು ಕೇಳಿದರು. ನೀವು ಇಲ್ಲ ಎಂದಿರಿ. ಅರ್ಧ ನಿಮಿಷದ ಮಾತು. ಆಮೇಲೆ ಕೈ ಒರೆಸಿಕೊಂಡು ಮತ್ತೆ ಕೆಲಸಕ್ಕೆ ನಿಂತಿರಬೇಕು.

ಎಂಟನೇ ತಾರೀಖು ಮಂಗಳವಾರ ಅಂಬಿಕಾಳ ಪಾಸ್‌ಪೋರ್ಟ್ ವಾಪಸ್ ಬಂತು. ಅವಳ ಜೊತೆ ಹೋಗಬೇಕಿದ್ದ ನನ್ನದೂ ಬಂತು. ಒಳಗೆ ವೀಸಾ ಇಲ್ಲ, ಒಂದು ಹಾಳೆ ಇತ್ತು. ಇಂಗ್ಲಿಷಿನಲ್ಲಿತ್ತು. ಅಂಬಿಕಾ ಓದಿ ಹೇಳಿದಳು: ಮೂರನೇ ತಾರೀಖು ತಂದೆಯನ್ನು ಫೋನಿನಲ್ಲಿ ಸಂಪರ್ಕಿಸಲಾಗಿ, ತಾನು ಅಂಥ ಯಾವ ಪತ್ರಕ್ಕೂ ಸಹಿ ಮಾಡಿಲ್ಲವೆಂದು ತಿಳಿಸಿರುತ್ತಾರೆ, ಆದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಓದಿ ಮುಗಿಸಿ ಹಾಳೆಯನ್ನು ಟಿವಿ ಮೇಲಿಟ್ಟು ಬ್ಯಾಗ್ ತಗೊಂಡು ಜಿಮ್ಮಿಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಂದು "ಹೌದು" ಅನ್ನಲಿಕ್ಕೆ ನಿಮಗೆ ಏನು ದಾಡಿಯಾಗಿತ್ತು, ಅದನ್ನು ಹೇಳಿ ಮೊದಲು. ಮಾತಾಡಬೇಕಾದ ಕಡೆ ಬಾಯಿಗೆ ಬೀಗ ಹಾಕಿಕೊಂಡು ಕೂತ ಮನುಷ್ಯ ನೀವು. ಒಂಬತ್ತು ವರ್ಷದ ಹಿಂದೆ ಮಂಡಿಪೇಟೆಯಲ್ಲಿ ವಾಮದೇವಪ್ಪನವರ ಕಾಳಿನ ಅಂಗಡಿ ಪಡಸಾಲೆಯಲ್ಲಿ ಎರಡೂ ಮನೆಯ ಹಿರಿಯರು ಕೂತಿದ್ದರು. ನನ್ನ ಗರ್ಭಕೋಶ ತೆಗೆಸಿ ಆರು ತಿಂಗಳಾಗಿತ್ತು. ವಂಶಕ್ಕೊಂದು ಗಂಡು ಬೇಕು, ಮಗನಿಗೆ ಇನ್ನೊಂದು ಹೆಣ್ಣು ನೋಡುತ್ತೇನೆ ಎಂದು ನಿಮ್ಮ ತಾಯಿ ಎಲ್ಲರ ಮುಂದೆ ಹೇಳಿದರು. ನಾನು ನಿಮ್ಮ ಕಡೆ ತಿರುಗಿ ಒಂದೇ ಮಾತು ಕೇಳಿದೆ, ನಾನು ಇರಲೋ ಹೋಗಲೋ ಎಂದು. ನೀವು ಅಲ್ಲಿ ಪೇರಿಸಿಟ್ಟಿದ್ದ ಮೆಕ್ಕೆಜೋಳದ ಚೀಲಗಳನ್ನು ನೋಡುತ್ತಾ ಕೂತಿರಿ. ಚೀಲದ ಮೇಲೆ ಉತ್ತರ ಬರೆದಿತ್ತೋ ಏನೋ. ಅಂದು ಒಂದು ಮಾತು ಬರದ ಬಾಯಿಗೆ ಈಗ ಯಾರೋ ಗುರುತಿಲ್ಲದವರು ಫೋನ್ ಮಾಡಿದ ಕೂಡಲೇ ಥಟ್ಟನೆ ಉತ್ತರ ಬಂತು. ಅದೂ ಮಗಳ ಕಾಲಿಗೆ ಅಡ್ಡ ಬರುವಂಥ ಉತ್ತರ.

ಮಗಳು ಏನಾಗಿದ್ದಾಳೆಂದು ನಿಮಗೆ ಎಷ್ಟು ಗೊತ್ತೋ ನನಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಹದಿನಾರು ತುಂಬಿದೆ. ನಾಲ್ಕು ವರ್ಷದಿಂದ ಖುದ್ದೂಸ್ ಸರ್ ಹತ್ತಿರ ಪವರ್ ಲಿಫ್ಟಿಂಗ್ ಕಲಿಯುತ್ತಿದ್ದಾಳೆ. ಐವತ್ತೆರಡು ಕೆಜಿ ವಿಭಾಗ. ತನ್ನ ತೂಕದ ಎರಡರಷ್ಟಕ್ಕಿಂತ ಹೆಚ್ಚು ಭಾರ ನೆಲದಿಂದ ಎತ್ತಿ ನಿಲ್ಲುತ್ತಾಳೆ. ಮೊದಮೊದಲು ನಾನೂ ಬೈದೆ, ಹೆಣ್ಣುಮಗುವಿನ ಸೊಂಟ ಏನಾಗಬೇಕೆಂದು. ಖುದ್ದೂಸ್ ಸರ್ ಮನೆಗೆ ಬಂದು ಚಾಪೆ ಮೇಲೆ ಕೂತು, ನಾನೂ ಮೂರು ಹೆಣ್ಣುಮಕ್ಕಳ ತಂದೆ ಎಂದು ಹೇಳಿ ಒಪ್ಪಿಸಿದರು. ಈಗ ಆಗಸ್ಟ್ ಕೊನೆಗೆ ಹಂಗೇರಿಯಲ್ಲಿ ಕಿರಿಯರ ಸ್ಪರ್ಧೆ. ಭಾರತ ತಂಡಕ್ಕೆ ಅವಳ ಹೆಸರು ಬಂದಿದೆ. ಜುಲೈ ಇಪ್ಪತ್ತೈದರೊಳಗೆ ವೀಸಾ ತೋರಿಸದಿದ್ದರೆ ಆ ಜಾಗ ಪಟ್ಟಿಯಲ್ಲಿ ಕೆಳಗಿರುವ ಇನ್ನೊಬ್ಬ ಹುಡುಗಿಗೆ. ಇವತ್ತು ಹದಿಮೂರು. ಲೆಕ್ಕ ನೀವೇ ಹಾಕಿಕೊಳ್ಳಿ.

ಈ ವೀಸಾ ಎಂಬುದರ ಹಿಂದೆ ನಾನು ಪಟ್ಟ ಪಾಡು ನಿಮಗೆ ಗೊತ್ತಾಗಬೇಕು. ಸ್ಟುಡಿಯೋದವನು ನನ್ನನ್ನೂ ಮಗಳನ್ನೂ ನಾಲ್ಕು ಸಲ ಕೂರಿಸಿ ಫೋಟೋ ತೆಗೆದ. ಕಿವಿ ಕಾಣಬೇಕಂತೆ, ಹಲ್ಲು ಕಾಣಬಾರದಂತೆ, ನಗಬಾರದಂತೆ. ನಗದೆ ಇರುವುದು ನನಗೇನೂ ಕಷ್ಟವಾಗಲಿಲ್ಲ, ಮಗಳಿಗೆ ಕಷ್ಟವಾಯಿತು. ಬ್ಯಾಂಕಿನ ಆರು ತಿಂಗಳ ಕಾಗದ, ಕೆಲಸ ಕೊಟ್ಟವರ ಪತ್ರ, ಶಾಲೆಯ ಪತ್ರ, ವಿಮೆ, ಉಳಿಯುವ ಹೋಟೆಲಿನ ಚೀಟಿ. ಹೋದವರು ವಾಪಸ್ ಬರುತ್ತೀರಿ ಅನ್ನುವುದಕ್ಕೆ ಏನು ಪುರಾವೆ ಎಂದು ಒಂದು ಕಡೆ ಕೇಳಿದ್ದರು. ನನ್ನ ಹೊಲಿಗೆ ಮಿಷನ್ ಇಲ್ಲಿದೆ, ಗ್ಯಾಸ್ ಸಿಲಿಂಡರ್ ಇಲ್ಲಿದೆ, ವಾಪಸ್ ಬರದೆ ಎಲ್ಲಿ ಸಾಯಲಿ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೋ, ನಮ್ಮ ಅರ್ಜಿ ತುಂಬಿಕೊಟ್ಟ ಟ್ರಾವೆಲ್ಸಿನ ಕೊಟ್ಟೂರೇಶ್ ಬರೆದ.

ಆ ಕೊಟ್ಟೂರೇಶನ ಮುಂದೆ ಕೂತಾಗ ನನಗೆ ಆದ ಅವಮಾನ ಕೇಳಿ. ಮಗು ಅಪ್ರಾಪ್ತೆ, ಜೊತೆಗೆ ಬರದ ತಂದೆಯ ಒಪ್ಪಿಗೆ ಬೇಕು, ಇಲ್ಲವಾದರೆ ಮಗು ತಾಯಿಯದೇ ಎಂದು ಕೋರ್ಟು ಕೊಟ್ಟ ಆದೇಶ ಬೇಕು ಎಂದ. ಆದೇಶ ಇಲ್ಲ ಎಂದೆ. ಡೈವರ್ಸ್ ಆಗಿದೆಯಾ ಎಂದ. ಇಲ್ಲ ಎಂದೆ. ಅವನು ಪೆನ್ನು ಕೆಳಗಿಟ್ಟು, ದನಿ ಇಳಿಸಿ, ಪಾಪ ಬಹಳ ಮರ್ಯಾದೆಯಿಂದಲೇ ಕೇಳಿದ:

"ಹಂಗಾರೆ ಯಜಮಾನ್ರು ತೀರ್ಕಂಡಾರೇನ್ರೀ ಅಕ್ಕಾರೆ? ತೀರ್ಕಂಡಿದ್ರೆ ಸಲೀಸು ನೋಡ್ರಿ, ಡೆತ್ ಸರ್ಟಿಫಿಕೇಟ್ ಹಚ್ಚಿದ್ರೆ ಮುಗೀತು. ಬದುಕಿದ್ದು ಕಾಗದ ಇಲ್ಲ ಅಂದ್ರೆ ಬಾಳ ತ್ರಾಸೈತಿ."

ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾರೆ, ಚೆನ್ನಾಗಿದ್ದಾರೆ, ಗುತ್ತೂರಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾರೆ, ಬಾಯಿಗೆ ಬಂದ ಹಾಗೆ ಮಾತಾಡಬೇಡ ಎಂದು ಜೋರು ಮಾಡಿದೆ. ನಿಮ್ಮ ಪರವಾಗಿ ನಾನು ಜಗಳ ಆಡಿದ್ದು ನನಗೇ ಆಶ್ಚರ್ಯವಾಯಿತು. ಮನೆಗೆ ಬರುವ ತನಕ ಅದೇ ಯೋಚನೆ.

ವಿವಾಹಿತೆಯೋ ಬೇರ್ಪಟ್ಟವಳೋ ವಿಧವೆಯೋ ಎಂದು ಇನ್ನೊಂದು ಕಡೆ ಗುರುತು ಹಾಕಬೇಕಿತ್ತು. ಬೇರ್ಪಟ್ಟವಳು ಅಂದರೆ ಅದಕ್ಕೂ ಕಾಗದ. ಹಾಗಾಗಿ ವಿವಾಹಿತೆ ಎಂದು ಹಾಕಿಸಿದೆ. ಒಂಬತ್ತು ವರ್ಷದಿಂದ ಒಬ್ಬಳೇ ಮನೆ ನಡೆಸಿದವಳು ಹಂಗೇರಿಯವರ ಲೆಕ್ಕದಲ್ಲಿ ಈಗ ಗಂಡನ ಜೊತೆಗಿರುವ ಗರತಿ.

ನಮಗೆ ಕಾಗದ ಯಾಕಿಲ್ಲ ಹೇಳಿ. ಅವತ್ತು ವಾಮದೇವಪ್ಪನವರು ಕೋರ್ಟು ಗೀರ್ಟು ಬೇಡ, ಮಗು ತಾಯಿ ಹತ್ತಿರ ಇರಲಿ, ಅಪ್ಪ ಬೇಕಾದಾಗ ಬಂದು ನೋಡಲಿ ಎಂದರು. ನಿಮ್ಮ ತಂದೆ ಓಬಯ್ಯ ಮಾವನವರೂ ಆಗ ಇದ್ದರು, ತಲೆಯಾಡಿಸಿದರು. ಎಲ್ಲರಿಗೂ ಎಲೆ ಅಡಿಕೆ ಕೊಟ್ಟರು, ಚಹಾ ಕುಡಿದರು, ಎದ್ದರು. ನಮ್ಮ ಹತ್ತು ವರ್ಷದ ಸಂಸಾರ ಅಷ್ಟರಲ್ಲಿ ಇತ್ಯರ್ಥವಾಯಿತು. ನಿಮ್ಮ ತಂದೆ ಇಪ್ಪತ್ತು ವರ್ಷ ಅದೇ ಅಂಗಡಿಗೆ ಜೋಳ ಹಾಕಿದವರು. ನನ್ನ ಅಪ್ಪನೂ ಅಲ್ಲೇ ಹಾಕುತ್ತಿದ್ದವರು. ಬಾಯಿಮಾತಿನಲ್ಲೇ ಎಲ್ಲ ನಡೆದುಹೋಗಿತ್ತು, ಇದೂ ನಡೆಯಿತು. ಆ ಮಾತಿನ ಮೇಲೇ ಮಗು ಶಾಲೆಗೆ ಸೇರಿತು, ಬೆಳೆಯಿತು. ಯಾರೂ ಕಾಗದ ಕೇಳಲಿಲ್ಲ.

ಆದ್ದರಿಂದ ನಾನು ವಾಮದೇವಪ್ಪನವರ ಹತ್ತಿರವೇ ಹೋದೆ. ಈಗ ಎಂಬತ್ತರ ಮೇಲಾಗಿದೆ, ಕಣ್ಣು ಮಂಜು, ಆದರೂ ಅಂಗಡಿಯ ಗಲ್ಲಾ ಮೇಲೆ ಕೂರುತ್ತಾರೆ. ವಿಷಯ ಕೇಳಿ ಅವರಿಗೆ ಹುರುಪು ಬಂದುಬಿಟ್ಟಿತು. ನನ್ನ ಮಾತಿಗೆ ಯಾವ ದೇಶದವರು ಇಲ್ಲ ಅಂತಾರವ್ವ ಎಂದು, ಮಗನನ್ನು ಕರೆದು ಅಂಗಡಿಯ ಲೆಟರ್ ಹೆಡ್ಡಿನ ಮೇಲೆ ಬರೆಸಿದರು. ಮೇಲೆ ಬಸವಣ್ಣನ ಚಿತ್ರ, ಕಾಳುಕಡಿ ವರ್ತಕರು ಮತ್ತು ಕಮಿಷನ್ ಏಜೆಂಟರು ಎಂಬ ಹೆಸರು, ಕೆಳಗೆ ನ್ಯಾಯ ಮಾಡಿದ್ದರ ವಿವರ, ಅಂಗಡಿಯ ಮೊಹರು. ಕೊಟ್ಟೂರೇಶ್ ಅದನ್ನು ಹಿಂದೆ ಮುಂದೆ ತಿರುಗಿಸಿ, ಇದು ಹಂಗೇರಿಗೆ ನಡೆಯುವುದಿಲ್ಲ ಎಂದ. ನಾನು ಹಟ ಹಿಡಿದು ಫೈಲಿಗೆ ಹಾಕಿಸಿದೆ. ಇಡೀ ದಾವಣಗೆರೆ ಒಪ್ಪುವ ಮಾತನ್ನು ಅವರು ಒಪ್ಪುವುದಿಲ್ಲ ಅಂದರೆ ಏನರ್ಥ ಎಂದು ನನ್ನ ವಾದ. ವಾಪಸ್ ಬಂದ ಹಾಳೆಯಲ್ಲಿ ಅದರ ಮಾತೂ ಇತ್ತು. ಧಾನ್ಯ ವ್ಯಾಪಾರಿಯ ಪತ್ರವನ್ನು ಮಗುವಿನ ಪಾಲನೆಯ ದಾಖಲೆಯಾಗಿ ಪರಿಗಣಿಸಲಾಗುವುದಿಲ್ಲ. ಆ ಮುದುಕರಿಗೆ ಇದನ್ನು ನಾನು ಹೇಳಿಲ್ಲ, ನೀವೂ ಹೇಳಬೇಡಿ.

ಹಾಗಾದರೆ ಉಳಿದದ್ದು ತಂದೆಯ ಒಪ್ಪಿಗೆ ಪತ್ರ. ಅದನ್ನೂ ಕೊಟ್ಟಿದ್ದೆ. ಛಾಪಾ ಕಾಗದದ ಮೇಲೆ, ನಿಮ್ಮ ಹೆಸರು, ಆಧಾರ್ ನಂಬರ್, ನೋಟರಿಯ ಸೀಲು, ಎಲ್ಲ ಕ್ರಮವಾಗಿತ್ತು. ನೀವು ಬಾಯಿ ಬಿಡದಿದ್ದರೆ ಯಾರಿಗೂ ಸಂಶಯ ಬರುವಂತಿರಲಿಲ್ಲ.

ಇಲ್ಲಿಯವರೆಗೆ ಓದಿ ನೀವು ಏನು ಅಂದುಕೊಳ್ಳುತ್ತಿದ್ದೀರಿ ನನಗೆ ಗೊತ್ತು. ಸರಿ, ಬರೆಯುತ್ತೇನೆ. ಆ ಸಹಿ ನಾನು ಮಾಡಿದ್ದು. ಶಾಲೆಯ ಫೈಲಿನಲ್ಲಿ ನಿಮ್ಮ ಆಧಾರ್ ಜೆರಾಕ್ಸ್ ಇತ್ತು, ಅದನ್ನು ಲಗತ್ತಿಸಿದೆ. ನೋಟರಿ ಮುಖ ಎತ್ತಿ ನೋಡದೆ ಸೀಲು ಒತ್ತಿದ.

ಅದು ಮೊದಲನೇ ಸಲವೂ ಅಲ್ಲ. ಅಂಬಿಕಾ ಮೂರನೇ ಕ್ಲಾಸಿನಲ್ಲಿದ್ದಾಗ ಅಂಕಪಟ್ಟಿಗೆ ನಾನು ಸುಧಾ ಎಂದು ಸಹಿ ಮಾಡಿ ಕಳಿಸಿದೆ. ಟೀಚರು ಎಲ್ಲ ಮಕ್ಕಳ ಮುಂದೆ, ತಂದೆ ಸಹಿ ಮಾಡುವ ಜಾಗದಲ್ಲಿ ತಂದೆಯೇ ಮಾಡಬೇಕು ಎಂದು ವಾಪಸ್ ಕೊಟ್ಟರಂತೆ. ಮಗು ಸಪ್ಪಗೆ ಮನೆಗೆ ಬಂತು. ಹಳೇ ಪಾಸ್‌ಬುಕ್ಕಿನಲ್ಲಿದ್ದ ನಿಮ್ಮ ಸಹಿ ನೋಡಿ, ಒಂದು ಸಂಜೆಯೆಲ್ಲ ರದ್ದಿ ಹಾಳೆ ಮೇಲೆ ತಿದ್ದಿದೆ. ಕೊನೆಗೆ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕಿ ಇಡುತ್ತೀರಲ್ಲ, ಅದೂ ಬಂತು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಅಂಕಪಟ್ಟಿಗೆ, ಪ್ರವಾಸದ ಚೀಟಿಗೆ, ಜಿಲ್ಲಾ ಮಟ್ಟದ ಸ್ಪರ್ಧೆಗೆ, ರಾಜ್ಯ ಮಟ್ಟದ ಸ್ಪರ್ಧೆಗೆ, ನಿಮ್ಮ ಸಹಿ ಹಾಕಿದ್ದೇನೆ. ನೀವು ಬಹಳ ಜವಾಬ್ದಾರಿಯ ತಂದೆ. ಒಂದು ದಿನವೂ ತಡ ಮಾಡಿದವರಲ್ಲ.

ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ, ಈಗಲೂ ಪೂರ್ತಿ ಕಾಣುವುದಿಲ್ಲ. ಮೊಟ್ಟೆ ಬೇಯಿಸಿ ಕೊಟ್ಟವಳು ನಾನು, ಬೆಳಗ್ಗೆ ಐದಕ್ಕೆ ಎಬ್ಬಿಸಿದವಳು ನಾನು, ಅಂಗೈ ಸುಲಿದು ರಕ್ತ ಬಂದಾಗ ಅರಿಶಿನ ಹಚ್ಚಿದವಳು ನಾನು. ಸಹಿಗೆ ಮಾತ್ರ ನೀವು. ಯಾವ ಊರಿನ ನ್ಯಾಯ ಇದು ಎಂದು ಕೊಟ್ಟೂರೇಶನನ್ನು ಕೇಳಿದೆ. ಎಲ್ಲ ದೇಶದ್ದೂ ಇದೇ ನ್ಯಾಯ, ತಂದೆಯೊಬ್ಬ ಮಗುವನ್ನು ಕರಕೊಂಡು ಹೊರಟರೂ ತಾಯಿಯ ಸಹಿ ಕೇಳುತ್ತಾರೆ, ಮಗುವನ್ನು ಯಾರೂ ಕದ್ದು ಒಯ್ಯಬಾರದು ಅಂತ ಎಂದ. ನನ್ನ ಮಗಳನ್ನು ನಾನು ಕದ್ದು ಒಯ್ಯುತ್ತೇನಂತೆ.

ನಿಮ್ಮನ್ನೇ ಕೇಳಿ ಸಹಿ ಮಾಡಿಸಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಸಮಯ ಇರಲಿಲ್ಲ ಎಂದು ಬರೆಯೋಣ ಅಂದುಕೊಂಡೆ. ಅದು ಸುಳ್ಳು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ನೀವು ಬೇಡ ಅನ್ನುತ್ತೀರಿ ಎಂಬ ಹೆದರಿಕೆಯೂ ಅಲ್ಲ. ಬೇಡ ಅಂದರೆ ಜಗಳ ಆಡಬಹುದು, ಜಗಳದಲ್ಲಿ ನಾನು ಸೋತವಳಲ್ಲ. ನೀವು ಮತ್ತೆ ಸುಮ್ಮನೆ ಕೂತುಬಿಟ್ಟರೆ ಎಂಬ ಹೆದರಿಕೆ. ಅವತ್ತು ಪಡಸಾಲೆಯಲ್ಲಿ ಕೇಳಿ ಉತ್ತರ ಸಿಗದೆ ಎದ್ದು ಬಂದ ಮೇಲೆ, ಇನ್ನು ಈ ಮನುಷ್ಯನನ್ನು ಏನನ್ನೂ ಕೇಳುವುದಿಲ್ಲ ಎಂದು ಬಸ್ಸಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕೇಳಿಲ್ಲ. ಅದೇ ನನ್ನ ಹೆಮ್ಮೆಯಾಗಿತ್ತು.

ಈಗ ಫೋನಿನ ವಿಷಯ. ಆ ಒಪ್ಪಿಗೆ ಪತ್ರದಲ್ಲಿ ನಿಮ್ಮ ನಂಬರ್ ಅಂತ ನಾನು ಬರೆಸಿದ್ದು ನನ್ನ ತಮ್ಮ ಅಂಜನ್ ಕುಮಾರನ ನಂಬರು. ಫೋನ್ ಬಂದರೆ ನಾನೇ ವಿಜಯಕುಮಾರ್, ಹೌದು ಒಪ್ಪಿದ್ದೇನೆ ಅನ್ನು ಎಂದು ಹೇಳಿಕೊಟ್ಟಿದ್ದೆ. ಅವನು ವಾರವಿಡೀ ಫೋನ್ ಕೈಯಲ್ಲೇ ಹಿಡಿದು ಕೂತ. ಹಾಗಿದ್ದೂ ಅವರು ನಿಮಗೇ ಹೇಗೆ ಮಾಡಿದರು ಎಂದು ನನಗೆ ಬಗೆಹರಿಯಲಿಲ್ಲ. ಬುಧವಾರ ಕೊಟ್ಟೂರೇಶನ ಆಫೀಸಿಗೆ ಹೋಗಿ ಹಾರಾಡಿದೆ. ಅವನು ಕಂಪ್ಯೂಟರ್ ತಿರುಗಿಸಿ ತೋರಿಸಿದ. ಪತ್ರದಲ್ಲಿ ಅಂಜನನ ನಂಬರೇ ಇತ್ತು. ಕಂಪ್ಯೂಟರಿನ ಅರ್ಜಿಯಲ್ಲಿ ಮಾತ್ರ ನಿಮ್ಮದು. ಅದನ್ನು ತುಂಬುವಾಗ ಪಕ್ಕದಲ್ಲಿ ಕೂತು ಹೇಳಿದವಳು ಅಂಬಿಕಾ.

ಮನೆಗೆ ಬಂದು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮುಖ ಎತ್ತಲಿಲ್ಲ. ಅಪ್ಪನ ನಂಬರು ಕೇಳಿದರು, ಅಪ್ಪನದೇ ಕೊಟ್ಟೆ ಎಂದಳು. ನಿನಗೆ ಹೇಗೆ ಗೊತ್ತು ಅಂದರೆ, ಹೋದ ವರ್ಷ ರಾಜ್ಯ ಮಟ್ಟದಲ್ಲಿ ಗೆದ್ದಾಗ ಗುತ್ತೂರಿನವರೊಬ್ಬರ ಹತ್ತಿರ ನಂಬರು ಇಸಕೊಂಡು ಫೋನ್ ಮಾಡಿದ್ದಳಂತೆ. ನೀವು "ಚೊಲೋ ಆತವ್ವ" ಎಂದು ಇಟ್ಟಿರಂತೆ. ಅದಾದ ಮೇಲೆ ಮೂರು ಸಲ ಮಾತಾಡಿದ್ದೀರಂತೆ. ಇವಳು ಹೇಳುವುದು, ನೀವು ಹ್ಞೂಂಗುಟ್ಟುವುದು. ನನ್ನ ಮನೆಯಲ್ಲಿ, ನನ್ನ ಬೆನ್ನ ಹಿಂದೆ. ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಹೊಡೆದರೂ ನನ್ನ ಕೈಯೇ ನೋಯಬೇಕು, ಅಂಥ ಮೈಯಾಗಿದೆ ಅವಳದು. ಇಷ್ಟೆಲ್ಲ ಕಷ್ಟ ಪಟ್ಟಿದ್ದನ್ನು ಹಾಳು ಮಾಡಿದೆಯಲ್ಲ, ಮಾಮನ ನಂಬರು ಕೊಡಬೇಕು ಅಂತ ಗೊತ್ತಿರಲಿಲ್ಲವಾ ಎಂದು ಕೂಗಿದೆ. ಆಗ ಅವಳು ಹೇಳಿದ್ದು ಇದು:

"ಗೊತ್ತಿತ್ತಮ್ಮಾ. ನಾನು ಹೋಗೋದು ಅಪ್ಪಂಗೆ ಇಷ್ಟ ಐತೋ ಇಲ್ವೋ ಅಂತ ಯಾರಾದ್ರೂ ಒಂದ್ಸಲ ಕೇಳ್ಲಿ ಅಂತ ಕೊಟ್ಟೆ. ನೀನಂತೂ ಕೇಳಲ್ಲ."

ಅಕ್ಕಿ ಮೊರ ಒಳಗಿಟ್ಟು ಅವಳು ಜಿಮ್ಮಿಗೆ ಹೋದಳು. ನಾನು ಅಲ್ಲೇ ಕೂತೆ. ನೀವು ಹೌದು ಅನ್ನುತ್ತೀರಿ ಎಂದು ಹುಡುಗಿ ನಂಬಿಕೊಂಡಿದ್ದಳು. ಅವರು ಕೇಳಿದ್ದು ಸಹಿ ಮಾಡಿದ್ದೀರಾ ಎಂದು, ಮಗಳು ಹೋಗುವುದು ಇಷ್ಟವಾ ಎಂದಲ್ಲ. ಇದು ಅವಳಿಗೆ ಹೊಳೆಯಲಿಲ್ಲ. ನಿಮಗೂ ಹೊಳೆದಿರಲಿಕ್ಕಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದಿರಿ. ಅದನ್ನು ನಾನು ತಪ್ಪು ಅನ್ನಲಾರೆ, ಆದರೆ ಸಿಟ್ಟು ಇಳಿಯುತ್ತಿಲ್ಲ. ಸಹಿ ಮಾಡಿಲ್ಲ ಎಂದ ಬಾಯಲ್ಲೇ, ಆದರೆ ಹೋಗಲಿ, ನನ್ನ ಮಗಳು ಹೋಗಲಿ ಎಂಬ ಒಂದು ಮಾತು ಸೇರಿಸಿದ್ದರೆ ನಿಮ್ಮ ಗಂಟು ಏನು ಹೋಗುತ್ತಿತ್ತು. ಅಥವಾ ಅಂದಿರೋ, ಅವರು ಬರೆದುಕೊಳ್ಳಲಿಲ್ಲವೋ, ನನಗೆ ತಿಳಿಯದು.

ಈಗ ಆಗಬೇಕಾದ್ದು ಹೇಳುತ್ತೇನೆ. ಬರುವ ಶುಕ್ರವಾರ, ಹದಿನೆಂಟಕ್ಕೆ, ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಮತ್ತೊಮ್ಮೆ ಅರ್ಜಿ ಕೊಡಲು ಸಮಯ ಸಿಕ್ಕಿದೆ. ಅದಕ್ಕೆ ಮೊದಲು ನೀವೇ ಖುದ್ದಾಗಿ ಬಂದು ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಬುಧವಾರ ಬೆಳಗ್ಗೆ ಹತ್ತೂವರೆಗೆ ದಾವಣಗೆರೆ ಕೋರ್ಟಿನ ಮುಂದೆ ಬನ್ನಿ. ಆಧಾರ್ ಅಸಲು, ಎರಡು ಫೋಟೋ. ಈ ಸಲ ಬೇರೆ ನೋಟರಿ. ಮುಖ ನೋಡಿ ಸೀಲು ಒತ್ತುವವರಂತೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಕೊಟ್ಟೂರೇಶ್ ಟೈಪ್ ಮಾಡಿಸಿದ್ದು. ಅದರಲ್ಲಿ ನೀವೇ ಹೇಳಿದಂತೆ ಹೀಗಿದೆ: ಮೊದಲಿನ ಸಹಿ ನನ್ನದೇ, ಕೆಲಸದ ಗಡಿಬಿಡಿಯಲ್ಲಿ ಫೋನ್ ಮಾಡಿದವರು ಯಾರೆಂದು ತಿಳಿಯದೆ ಗಾಬರಿಯಿಂದ ಇಲ್ಲವೆಂದೆ. ಅದಕ್ಕೂ ಸಹಿ ಮಾಡಿ. ಅದಿದ್ದರೆ ಫೈಲು ಪಾಸಾಗುತ್ತದೆ, ನಾವಿಬ್ಬರೂ ಹೋಗಬಹುದು ಎಂದು ಕೊಟ್ಟೂರೇಶ್ ಹೇಳುತ್ತಾನೆ. ಸಹಿ ನಾನು ಮಾಡಿದ್ದು ಎಂದು ಒಪ್ಪಿಕೊಂಡರೆ ನನಗಂತೂ ವೀಸಾ ಸಿಗುವುದು ಕನಸು, ಮುಂದೆ ಏನೇನು ಆಗುತ್ತದೋ ಅವನಿಗೂ ಗೊತ್ತಿಲ್ಲವಂತೆ. ನಿಜ ಹೇಳಿದವರ ಕೈಯಲ್ಲಿ ಸುಳ್ಳು ಬರೆಸುತ್ತಿದ್ದೇನೆ, ನನಗೆ ತಿಳಿಯದ್ದಲ್ಲ. ಅವಳು ಸ್ಪರ್ಧೆಯಲ್ಲಿ ನಿಂತಾಗ ನಾನು ಎದುರಿಗೆ ಇರಬೇಕು ಎಂಬ ಆಸೆ. ನಾಲ್ಕು ವರ್ಷ ಬೆಳಗ್ಗೆ ಐದಕ್ಕೆ ಎದ್ದವಳಿಗೆ ಅಷ್ಟೂ ಬೇಡವೇ.

ಬನ್ನಿ. ನಾನು ಕೇಳುತ್ತಿದ್ದೇನೆ. ಒಂಬತ್ತು ವರ್ಷದಲ್ಲಿ ಮೊದಲನೇ ಸಲ ಕೇಳುತ್ತಿದ್ದೇನೆ, ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ. ಅಂಬಿಕಾ ಹೋಗುವುದು ನಿಮಗೆ ಇಷ್ಟವಿದೆಯೋ ಇಲ್ಲವೋ?

ಇಂತಿ,
ಅಂಬಿಕಾಳ ತಾಯಿ
ಸುಧಾ

ಇನ್ನೊಂದು ಮಾತು, ಸೋಮವಾರ ಮಧ್ಯಾಹ್ನ ಬರೆಯುತ್ತಿರುವುದು: ಮೇಲೆ ಹೇಳಿದ ಟೈಪ್ ಮಾಡಿದ ಹಾಳೆಯನ್ನು ಲಕೋಟೆಯಲ್ಲಿ ಹುಡುಕಬೇಡಿ, ಅದು ಇಲ್ಲ. ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗ ಅಂಬಿಕಾ ಅದನ್ನೂ ಈ ಕಾಗದವನ್ನೂ ಓದಿದ್ದಾಳೆ. ಬೈಯಲಿಲ್ಲ. ಸುಳ್ಳು ಬರೆದರೆ ಅಪ್ಪ ಇನ್ನು ಮೇಲೆ ಫೋನಿನಲ್ಲಿ ಹ್ಞೂಂ ಕೂಡ ಅನ್ನಲ್ಲ ಎಂದು ಮಾತ್ರ ಹೇಳಿ ರಿಬ್ಬನ್ ಕಟ್ಟಿಕೊಂಡು ಶಾಲೆಗೆ ಹೋದಳು. ನಾನು ಆ ಹಾಳೆ ಹರಿದು ನೀರೊಲೆಗೆ ಹಾಕಿ, ಮೊದಲಿನ ಸಹಿ ನಾನೇ ಮಾಡಿದ್ದೆಂದು ನನ್ನ ಕೈಯಿಂದಲೇ ಬರೆದು ಕೊಟ್ಟೂರೇಶನಿಗೆ ಕೊಟ್ಟು ಬಂದೆ. ಶುಕ್ರವಾರ ಕೊಡಬೇಕಿದ್ದ ನನ್ನ ಅರ್ಜಿ ವಾಪಸ್ ತಗೊಂಡೆ. ಅವಳನ್ನು ಖುದ್ದೂಸ್ ಸರ್ ಕರಕೊಂಡು ಹೋಗುತ್ತಾರೆ, ಅವರ ವೀಸಾ ಬಂದಿದೆ. ಹಾಗಾಗಿ ಈಗ ಹೊಸ ಪತ್ರದಲ್ಲಿ ಜೊತೆಗೆ ಹೋಗದ ತಂದೆ, ಜೊತೆಗೆ ಹೋಗದ ತಾಯಿ, ಇಬ್ಬರದೂ ಸಹಿ ಬೇಕು. ಬುಧವಾರ ಎಡಗಡೆ ನಾನು ಸುಧಾ ಎಂದು ಮಾಡುತ್ತೇನೆ. ಬಲಗಡೆಯದು ನಿಮ್ಮ ಜಾಗ. ನೀವು ಬರದಿದ್ದರೆ ಅದು ಖಾಲಿಯೇ ಬೆಂಗಳೂರಿಗೆ ಹೋಗುತ್ತದೆ. ನಾನು ತುಂಬುವುದಿಲ್ಲ.